ತಿದ್ದಿದ ಚೌಕ

ಚುಕ್ಕಿ ಮೇಷ್ಟ್ರು ಎಂಬ ಹೆಸರು ಕೇಳಿ ಅವರನ್ನು ಯಾವುದೋ ಶಾಲೆಯ ಉಪಾಧ್ಯಾಯರೆಂದು ತಿಳಿದರೆ ಅದು ನಮ್ಮ ತಪ್ಪು. ಅವರು ಮೂವತ್ತೆರಡು ವರ್ಷ ಒಂದು ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ, ಅಡಿಯಿಂದ ಬೆಳಕು ಬರುವ ಗಾಜಿನ ಮೇಜಿಗೆ ಮೂಗು ತಾಗಿಸಿ ಕೂತು, ಅಚ್ಚಿಗೆ ಹೋಗುವ ಫಿಲ್ಮಿನಲ್ಲಿ ಬಿದ್ದ ಚುಕ್ಕಿಗಳನ್ನು ತಿದ್ದಿದವರು. ಫಿಲ್ಮಿನ ಮೇಲೆ ಧೂಳು ಕೂತು ಸೂಜಿಮೊನೆಯಷ್ಟು ತೂತಾದರೂ ಸಾಕು, ಅಚ್ಚಾಗಿ ಬರುವಾಗ ಯಾವಳೋ ಚೆಲುವೆಯ ಕೆನ್ನೆಗೆ ಇಲ್ಲದ ಮಚ್ಚೆ ಬಂದು ಕೂರುತ್ತದೆ. ಆ ತೂತನ್ನು ಹುಡುಕಿ, ನಾಲ್ಕು ಕೂದಲಿನ ಕುಂಚದಿಂದ ಮುಚ್ಚುವುದು ಅವರ ಕಸುಬು. ಹೊಸದಾಗಿ ಸೇರಿದವರಿಗೆಲ್ಲ ಕೈಹಿಡಿದು ಕಲಿಸಿದ್ದರಿಂದ ಮೇಷ್ಟ್ರು ಎಂಬ ಬಾಲ ಅಂಟಿಕೊಂಡಿತು. ಕಂಪ್ಯೂಟರು ಬಂದು ಆ ಗಾಜಿನ ಮೇಜು ಗುಜರಿಗೆ ಹೋದ ಮೇಲೂ ಅವರು ಸುಮ್ಮನೆ ಕೂತವರಲ್ಲ. ಬೀದಿಯ ಕೊನೆಯ ಫೋಟೊ ಸ್ಟುಡಿಯೋದಲ್ಲಿ ವಾರಕ್ಕೆ ಮೂರು ದಿನ ಹಳೆಯ, ಹರಿದ, ಹುಳ ತಿಂದ ಚಿತ್ರಗಳಿಗೆ ಕಣ್ಣು ಮೂಗು ಕೂಡಿಸಿಕೊಡುತ್ತಿದ್ದರು. ಅರವತ್ತಾರಾದರೂ ಕೈ ನಡುಗುತ್ತಿರಲಿಲ್ಲ. ಈ ಒಂದು ವಿಷಯದಲ್ಲಿ ಅವರಿಗೆ ಜಂಭವಿತ್ತು, ಇಲ್ಲವೆಂದರೆ ಸುಳ್ಳಾದೀತು.

ಅವರಿಗೆ ಇದ್ದವಳು ಒಬ್ಬಳೇ ಅಕ್ಕ, ಏಳು ವರ್ಷ ದೊಡ್ಡವಳು. ದೂರದ ಊರಿನಲ್ಲಿ ಮಗಳ ಜೊತೆ ಇದ್ದಳು. ಅಪ್ಪ ಬೇಗ ತೀರಿಕೊಂಡ ಮನೆ ಅದು. ಮೇಷ್ಟ್ರಿಗೆ ನಾಲ್ಕು ತುಂಬಿದ ವರ್ಷ ಒಂದು ಬೆಳಿಗ್ಗೆ ಅಮ್ಮ ಕೈಚೀಲ ಹಿಡಿದು ಹೊರಗೆ ಹೋದವಳು ಮತ್ತೆ ಬರಲಿಲ್ಲ. ಹನ್ನೊಂದು ವರ್ಷದ ಅಕ್ಕ ಅಂದಿನಿಂದಲೇ ತಾಯಿಯಾದಳು. ಶಾಲೆ ಬಿಟ್ಟು ಲಾಂಡ್ರಿಯಲ್ಲಿ ಇಸ್ತ್ರಿಗೆ ನಿಂತಳು, ತಮ್ಮನನ್ನು ಶಾಲೆಗೆ ಕಳಿಸಿದಳು. ಅವಳಿಗೆ ಅಕ್ಷರ ಕೈಗೆ ಹತ್ತಲೇ ಇಲ್ಲ; ಹೆಸರು ಬರೆಯೆಂದರೆ ಚಿತ್ರ ಬರೆದ ಹಾಗೆ ಬರೆಯುತ್ತಿದ್ದಳು. ಅಮ್ಮ ಎಲ್ಲಿಗೆ ಹೋದಳು, ಯಾಕೆ ಹೋದಳು ಎಂದು ಮೇಷ್ಟ್ರು ಹತ್ತು ವರ್ಷದವರಿದ್ದಾಗ ಕೇಳಿದ್ದರು, ಇಪ್ಪತ್ತರಲ್ಲಿ ಕೇಳಿದ್ದರು, ನಲವತ್ತರಲ್ಲೂ ಕೇಳಿದ್ದರು. ಪ್ರತಿ ಸಲವೂ ಅಕ್ಕ, “ಸುಮ್ನಿರು ಪುಟ್ಟ, ಊಟ ಮಾಡು,” ಎಂದು ಬಾಯಿ ಮುಚ್ಚಿಸಿದ್ದಳು.

ಈಗ ಅವಳ ಬಾಯಿಯೇ ಮುಚ್ಚುವ ಕಾಲ ಬಂದಿತ್ತು. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಬೇಕು ಎಂದು ವೈದ್ಯರು ಹೇಳಿಬಿಟ್ಟಿದ್ದರು. ಗುರುವಾರ ಬೆಳಿಗ್ಗೆ ಆರಕ್ಕೆ ಶಸ್ತ್ರಚಿಕಿತ್ಸೆ. ಅದಾದ ಮೇಲೆ ಅವಳಿಗೆ ಮಾತಿಲ್ಲ.

ಭಾನುವಾರ ಅಕ್ಕನ ಮಗಳು ಫೋನ್ ಮಾಡಿದಳು.

“ಮಾವ, ನೀವು ಬರಲೇಬೇಕು. ಅಮ್ಮ ಹಠ ಹಿಡಿದು ಕೂತಿದ್ದಾಳೆ. ಪುಟ್ಟನ ಕಿವೀಲಿ ಒಂದು ಮಾತು ಹೇಳಬೇಕು, ಆಮೇಲೆ ಕತ್ತು ಕೊಯ್ಯಲಿ ಅಂತಾಳೆ.”

“ಯಾವ ಮಾತು?”

“ಅಜ್ಜಿ ವಿಷಯವಂತೆ. ನನಗೆ ಹೇಳು, ನಾನು ಮಾವಂಗೆ ಹೇಳ್ತೀನಿ ಅಂದೆ. ಕಣ್ಣು ಬಿಟ್ಟಳು ನೋಡಿ, ನಾನು ಅಲ್ಲೇ ತೆಪ್ಪಗಾದೆ.”

“ಫೋನು ಅವಳ ಬಾಯಿ ಹತ್ರ ಹಿಡಿಯಮ್ಮ.”

“ಹಿಡಿದ್ರೆ ಏನು ಬಂತು ಮಾವ? ಧ್ವನಿ ಎಲ್ಲಿದೆ? ತುಟಿಗೆ ಕಿವಿ ಇಟ್ಟರೆ ಮಾತ್ರ ಕೇಳಿಸುತ್ತೆ. ಅದೂ ನಾಲ್ಕು ಮಾತಾಡಿದರೆ ಕೆಮ್ಮು ಹತ್ತುತ್ತೆ. ನೀವು ಬರೋವರೆಗೂ ಮಾತಾಡಲ್ಲ ಅಂತ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾಳೆ. ನೀರು ಬೇಕಾದರೂ ಕೈಸನ್ನೆ.”

ರೈಲಿನಲ್ಲಿ ಮೂವತ್ತು ಗಂಟೆಯ ದಾರಿ, ಅದೂ ವಾರಕ್ಕೆ ಎರಡೇ ಸಲ. ಅಕ್ಕನ ಮಗಳೇ ಬುಧವಾರ ಮಧ್ಯಾಹ್ನ ಎರಡೂ ಇಪ್ಪತ್ತರ ವಿಮಾನಕ್ಕೆ ಟಿಕೆಟ್ ಮಾಡಿಸಿದಳು. ಎರಡು ಗಂಟೆಯ ಹಾರಾಟ, ಸಂಜೆಗೆ ಅಕ್ಕನ ಮಂಚದ ಪಕ್ಕದಲ್ಲಿರಬಹುದು. ಅರವತ್ತೆರಡು ವರ್ಷ ಕಾದ ಮಾತು ಇನ್ನು ಮೂರು ದಿನದಲ್ಲಿ ಕಿವಿಗೆ ಬೀಳುತ್ತದೆಂದು ಮೇಷ್ಟ್ರಿಗೆ ಒಮ್ಮೆ ಸಂತೋಷ, ಮರುಕ್ಷಣ ಆ ಸಂತೋಷಕ್ಕೇ ನಾಚಿಕೆ.

ಮಂಗಳವಾರ ಸಂಜೆ ಮತ್ತೆ ಫೋನು ಬಂತು.

“ಮಾವ, ಒಂದು ಫಜೀತಿ. ಈ ವಿಮಾನದವರು ಈ ತಿಂಗಳಿಂದ ಕಾಗದದ ಬೋರ್ಡಿಂಗ್ ಪಾಸ್ ಕೊಡೋದು ನಿಲ್ಲಿಸಿದ್ದಾರಂತೆ. ಮೊಬೈಲಲ್ಲೇ ತೋರಿಸಬೇಕಂತೆ.”

“ತೋರಿಸೋಣ. ನನ್ನ ಹತ್ರ ಮೊಬೈಲ್ ಇದೆಯಲ್ಲ?”

“ಅಯ್ಯೋ ಮಾವ, ನಿಮ್ಮ ಗುಂಡಿ ಒತ್ತೋ ಫೋನಿಗೆ ಅದು ಬರಲ್ಲ.”

ಗಾಜಿನ ಫೋನು ಇಟ್ಟುಕೊಳ್ಳಬಾರದೆಂಬ ವ್ರತವೇನೂ ಮೇಷ್ಟ್ರಿಗಿರಲಿಲ್ಲ. ಒಂದು ಕೊಂಡೂ ಇದ್ದರು. ಆದರೆ ಮೂವತ್ತೆರಡು ವರ್ಷ ಫಿಲ್ಮು ತೊಳೆಯುವ ರಸಾಯನದಲ್ಲಿ ನೆಂದ ಬೆರಳುಗಳ ತುದಿ ಸವೆದು, ಒಣಗಿ, ನುಣ್ಣಗಾಗಿತ್ತು. ಎಷ್ಟು ಒತ್ತಿದರೂ ಆ ಗಾಜು ಅವರನ್ನು ಮನುಷ್ಯನೆಂದೇ ಒಪ್ಪುತ್ತಿರಲಿಲ್ಲ. ಹದಿನೈದು ದಿನ ಗುದ್ದಾಡಿ, ನಿನ್ನ ಸಹವಾಸ ಸಾಕು ಎಂದು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಿದ್ದರು.

ಕೊನೆಗೆ ಅಕ್ಕನ ಮಗಳು ಆ ಪಾಸನ್ನು ಸ್ಟುಡಿಯೋದವನ ಕಂಪ್ಯೂಟರಿಗೆ ಕಳಿಸಿದಳು. ಸ್ಟುಡಿಯೋದವನು ಅಂಗಡಿ ಮುಚ್ಚುವ ಅವಸರದಲ್ಲಿ ಅದನ್ನು ಮುದ್ರಿಸಿ ಕೊಟ್ಟ. “ಕಾಗದ ನಡೆಯಲ್ಲ ಅಂತಾರೆ, ಆದ್ರೂ ಇರಲಿ ಮೇಷ್ಟ್ರೇ. ಆ ಕ್ಯೂಆರ್ ಕೋಡಿನ ಚೌಕ ಕಾಣಿಸಿದರೆ ಆಯ್ತು, ಯಂತ್ರಕ್ಕೇನು ಗೊತ್ತಾಗುತ್ತೆ ಕಾಗದವೋ ಮೊಬೈಲೋ ಅಂತ?”

ಅವನು ಹೇಳಿದ್ದು ನಿಜವೇ ಆಗಿತ್ತು. ಅಲ್ಲಿಗೆ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮನೆಗೆ ಬಂದು, ಚೀಲಕ್ಕೆ ಎರಡು ಅಂಗಿ, ಅಕ್ಕನಿಗೊಂದು ಹತ್ತಿಯ ಶಾಲು ತುಂಬಿ, ಕಾಗದವನ್ನು ಮತ್ತೊಮ್ಮೆ ನೋಡೋಣವೆಂದು ಮೇಷ್ಟ್ರು ದೀಪದ ಕೆಳಗೆ ಹಿಡಿದರು. ಹಿಡಿದವರೇ ಮುಖ ಸಿಂಡರಿಸಿದರು. ಸ್ಟುಡಿಯೋದವನ ಪ್ರಿಂಟರಿನಲ್ಲಿ ಮಸಿ ಮುಗಿಯುತ್ತಾ ಬಂದಿತ್ತು. ಕಪ್ಪು ಬಿಳುಪಿನ ಆ ಚೌಕದ ಉದ್ದಕ್ಕೂ ಒಂದು ತೆಳು ಗೆರೆ. ಕಪ್ಪಿರಬೇಕಾದ ಕಡೆ ಬಿಳಿ ತೂತುಗಳು, ಬಿಳಿ ಇರಬೇಕಾದ ಕಡೆ ಕರಿ ಹುಡಿ. ಇಂಥದ್ದನ್ನು ನೋಡಿಕೊಂಡು ಸುಮ್ಮನಿರುವುದು ಮೇಷ್ಟ್ರ ಜಾಯಮಾನದಲ್ಲೇ ಇರಲಿಲ್ಲ. ಮುದ್ರಣಾಲಯದಲ್ಲಿದ್ದಾಗ ಮದುವೆಯ ಊಟಕ್ಕೆ ಹೋದರೂ ಆಮಂತ್ರಣ ಪತ್ರದ ಚುಕ್ಕಿ ತೋರಿಸಿ ಬೀಗರ ಮರ್ಯಾದೆ ಕಳೆದವರು ಅವರು.

ಪೆಟ್ಟಿಗೆಯಿಂದ ಕುಂಚ ಬಂತು, ಕರಿ ಮಸಿ ಬಂತು, ಅಲಗು ಬಂತು, ಭೂತಗನ್ನಡಿ ಬಂತು. ಒಂದೂವರೆ ಗಂಟೆ ಉಸಿರು ಬಿಗಿಹಿಡಿದು ಕೂತರು. ಬಿಳಿ ತೂತುಗಳನ್ನೆಲ್ಲ ತುಂಬಿದರು. ಕರಿ ಹುಡಿಯನ್ನು ಅಲಗಿನ ತುದಿಯಿಂದ ಕೆರೆದು ತೆಗೆದರು. ಎಲ್ಲೆಲ್ಲಿ ಅಂಚು ಹಲ್ಲುಹಲ್ಲಾಗಿತ್ತೋ ಅಲ್ಲೆಲ್ಲ ನೆಟ್ಟಗೆ ಎಳೆದರು. ಯಾವ ತೂತು ಮಸಿ ಸಾಲದೆ ಆದದ್ದು, ಯಾವ ತೂತು ಚೌಕದಲ್ಲಿ ಬೇಕೆಂದೇ ಇಟ್ಟದ್ದು ಎಂಬ ಅನುಮಾನ ಅವರಿಗೆ ಸುಳಿಯಲೂ ಇಲ್ಲ. ಮೂವತ್ತೆರಡು ವರ್ಷ ತೂತು ಅಂದರೆ ತಪ್ಪು ಅಷ್ಟೇ. ಮುಗಿಸಿ, ಕಾಗದವನ್ನು ತೋಳಿನಷ್ಟು ದೂರ ಹಿಡಿದು ನೋಡಿದಾಗ ಚೌಕ ಅಚ್ಚುಕಟ್ಟಾಗಿ, ಕಪ್ಪೆಂದರೆ ಕಪ್ಪು, ಬಿಳುಪೆಂದರೆ ಬಿಳುಪಾಗಿ ನಿಂತಿತ್ತು. ಈಗ ನೋಡಲಿ ನನ್ಮಕ್ಕಳು ಎಂದುಕೊಂಡು ನಿಶ್ಚಿಂತೆಯಾಗಿ ಮಲಗಿದರು.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೇ ನಿಲ್ದಾಣದಲ್ಲಿದ್ದರು. ಹೊರಬಾಗಿಲ ಕಾವಲುಗಾರ ಗುರುತಿನ ಚೀಟಿ ನೋಡಿ, ಕಾಗದದ ಮೇಲಿನ ಹೆಸರು ತಾರೀಖು ನೋಡಿ ಒಳಗೆ ಬಿಟ್ಟ. ಒಳಗೆ ಕಾಲಿಟ್ಟರೆ ಹಿಂದಿನ ಕಾಲದ ಉದ್ದನೆಯ ಕೌಂಟರುಗಳಿಲ್ಲ. ನಡುವೆ ಒಂದಷ್ಟು ಯಂತ್ರಗಳು, ಪಕ್ಕದಲ್ಲಿ ಸಹಾಯಕ್ಕೆಂದು ಒಂದೇ ಮೇಜು. ಕಾಗದ ಉಳಿಸಿ, ಭೂಮಿ ಉಳಿಸಿ ಎಂದು ಗೋಡೆಯ ಮೇಲೆ ಆಳೆತ್ತರದ ಕಾಗದ ಅಂಟಿಸಿದ್ದರು. ಮೇಜಿನ ಮುಂದೆ ಇಪ್ಪತ್ತು ಜನರ ಸಾಲು. ಮೇಷ್ಟ್ರು ಅರ್ಧ ಗಂಟೆ ನಿಂತು, ನೀಲಿ ಕೋಟಿನ ಹುಡುಗಿಯ ಎದುರಿಗೆ ಬಂದರು.

“ಮೊಬೈಲ್ ತೋರಿಸಿ ಸರ್.”

ಮೇಷ್ಟ್ರು ಕಾಗದ ಚಾಚಿದರು.

“ಕಾಗದ ಇಲ್ಲ ಸರ್ ಈಗ. ಮೊಬೈಲಲ್ಲಿ.”

“ನನ್ನ ಮೊಬೈಲಿಗೆ ಇದು ಬರಲ್ಲಮ್ಮ,” ಎಂದು ಗುಂಡಿ ಫೋನು ತೆಗೆದು ಮೇಜಿನ ಮೇಲಿಟ್ಟರು. ಹುಡುಗಿ ಅದನ್ನು ಅಜ್ಜನ ಹಲ್ಲುಸೆಟ್ಟು ನೋಡಿದ ಹಾಗೆ ನೋಡಿದಳು.

“ಹಾಗಿದ್ರೆ ನೀವೇ ಒಂದು ಪಾಸ್ ಮುದ್ರಿಸಿ ಕೊಡಿ.”

“ಪ್ರಿಂಟರ್‌ಗಳನ್ನೇ ತೆಗೆದುಬಿಟ್ಟಿದ್ದಾರೆ ಸರ್.” ನಿಜವೇ. ಮೇಜಿನ ಮೇಲೆ ಪ್ರಿಂಟರು ಕೂತಿದ್ದ ಜಾಗ ಮಾತ್ರ ಬಣ್ಣ ಮಾಸದೆ ಉಳಿದಿತ್ತು. ಹುಡುಗಿ ಕೆಟ್ಟವಳಲ್ಲ. ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ನೋಡಿ ಸರ್, ನಾನು ಹೇಳಿದೆ ಅಂತ ಯಾರಿಗೂ ಹೇಳ್ಬೇಡಿ. ಇದನ್ನೇ ಯಂತ್ರದ ಕೆಳಗೆ ಹಿಡಿಯೋಣ. ಹಸಿರು ಬಂದರೆ ಹೋಗಿಬಿಡಿ. ಬೆಳಿಗ್ಗೆಯಿಂದ ನಾಲ್ಕು ಜನರನ್ನ ಹಾಗೇ ಕಳಿಸಿದ್ದೀನಿ.”

ಮೇಷ್ಟ್ರ ಮುಖ ಅರಳಿತು. ಹುಡುಗಿ ಕಾಗದವನ್ನು ಹಿಡಿದಳು. ಕೆಂಪು ಬಂತು. ಒರೆಸಿ ಮತ್ತೆ ಹಿಡಿದಳು. ಕೆಂಪು. ಓರೆಯಾಗಿ, ನೇರವಾಗಿ, ಹತ್ತಿರ, ದೂರ, ಎಲ್ಲ ಆಯಿತು. ಯಂತ್ರ ಟುಯ್ಯೆಂದು ಅಸಹನೆಯ ಸದ್ದು ಮಾಡುತ್ತಲೇ ಇತ್ತು. ಅವಳು ಕಾಗದವನ್ನು ಕಣ್ಣ ಹತ್ತಿರ ತಂದು, ಚೌಕದ ಮೇಲೆ ಉಗುರಾಡಿಸಿದಳು.

“ಇದೇನು ಸರ್? ಇದರ ಮೇಲೆ ಬರೆದಿದ್ದೀರಾ?”

“ಬರೆಯೋದಾ? ಎಲ್ಲಾದರೂ ಉಂಟೆ!” ಮೇಷ್ಟ್ರಿಗೆ ತಮ್ಮ ಕೆಲಸವನ್ನು ಯಾರೋ ಕೊನೆಗೂ ಗಮನಿಸಿದರೆಂಬ ಹಿಗ್ಗು. “ಮುದ್ರಣ ಕೆಟ್ಟದಾಗಿತ್ತಮ್ಮ. ತೂತೆಲ್ಲ ಮುಚ್ಚಿದ್ದೀನಿ. ಹುಡಿ ಕೆರೆದಿದ್ದೀನಿ. ಒಂದೂವರೆ ಗಂಟೆ ಹಿಡೀತು.”

ಹುಡುಗಿ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಯಂತ್ರದ ಸದ್ದು ಕೇಳಿ, ಕೊರಳಲ್ಲಿ ಎರಡು ಗುರುತಿನ ಪಟ್ಟಿ ನೇತುಹಾಕಿಕೊಂಡ ಮೇಲ್ವಿಚಾರಕ ಬಂದ. ಕಾಗದ ಅವನ ಕೈಗೆ ಹೋಯಿತು.

“ಯಾರು ಇದನ್ನ ತಿದ್ದಿದ್ದು?”

“ನಾನೇ,” ಎಂದರು ಮೇಷ್ಟ್ರು. ಹಿಗ್ಗು ಸ್ವಲ್ಪ ಕುಗ್ಗಿತ್ತು.

“ಕೋಡ್ ತಿದ್ದೋದು ಅಪರಾಧ, ಗೊತ್ತೇನ್ರೀ ನಿಮಗೆ?”

“ತಿದ್ದೋದು ಅಂದ್ರೆ ಹಾಗಲ್ಲಪ್ಪ. ಸರಿ ಮಾಡೋದು. ನನ್ನ ಕಸುಬೇ ಅದು.”

ಈ ಮಾತು ಎಂಥ ಮಾತಾಯಿತೆಂದು ಮೇಷ್ಟ್ರಿಗೆ ತಿಳಿಯಲಿಲ್ಲ. ಮೇಲ್ವಿಚಾರಕನ ಕಿವಿಗೆ ಅದು, ನಾನು ಕಸುಬುದಾರ ಕಳ್ಳ ಎಂದ ಹಾಗೆ ಬಿತ್ತು. ಅವನು ಹುಡುಗಿಯ ಕೈಯಿಂದ ಟ್ಯಾಬ್ ತೆಗೆದುಕೊಂಡು ಏನೋ ಒತ್ತಿದ. ಕಾಗದವನ್ನು ಮಡಚಿ ತನ್ನ ಜೇಬಿಗೆ ಹಾಕಿಕೊಂಡ. “ಆ ಕಡೆ ಕೂತಿರಿ. ನಿಜವಾದ ಪಾಸ್ ಮೊಬೈಲಲ್ಲಿ ತೋರಿಸಿದರೆ ನೋಡೋಣ,” ಎಂದು ಹೊರಟುಹೋದ. ಗಡಿಯಾರ ಹನ್ನೆರಡು ತೋರಿಸುತ್ತಿತ್ತು.

ಮೇಷ್ಟ್ರು ಅಕ್ಕನ ಮಗಳಿಗೆ ಫೋನ್ ಮಾಡಿದರು. ಸ್ವಿಚ್ ಆಫ್. ಮಧ್ಯಾಹ್ನ ಹನ್ನೆರಡರಿಂದ ಒಂದೂವರೆಯವರೆಗೆ ರೋಗಿಗಳನ್ನು ನೋಡುವ ಹೊತ್ತು, ವಾರ್ಡಿನ ಬಾಗಿಲಲ್ಲೇ ಫೋನು ತೆಗೆದಿಡಬೇಕು ಎಂದು ಅವಳು ಹೇಳಿದ್ದು ಆಗ ನೆನಪಾಯಿತು. ಐದು ನಿಮಿಷಕ್ಕೊಮ್ಮೆ ಮಾಡಿದರು. ಆ ಕಡೆಯ ಹೆಂಗಸು, ನೀವು ಕರೆ ಮಾಡಿದ ಚಂದಾದಾರರು ಎಂದು ಶುರುಮಾಡಿದರೆ ಸಾಕು, ಇವರೇ ಉಳಿದದ್ದನ್ನು ಹೇಳಿ ಮುಗಿಸುವಷ್ಟು ಸಲ ಮಾಡಿದರು.

ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸು, ಮಡಿಲಲ್ಲಿ ಕೂಸು ಮಲಗಿಸಿಕೊಂಡಿದ್ದವಳು, ಇದನ್ನೆಲ್ಲ ನೋಡುತ್ತಿದ್ದಳು. “ನನ್ನ ಫೋನಲ್ಲಿ ತೆಗೆದುಕೊಡಲಾ?” ಎಂದು ತಾನಾಗಿ ಕೇಳಿದಳು. ಮೇಷ್ಟ್ರಿಗೆ ಅವಳ ಕಾಲು ಮುಟ್ಟುವಷ್ಟು ಸಂತೋಷವಾಯಿತು. ಅವಳು ವಿಮಾನದವರ ಆ್ಯಪ್ ಹಾಕಿಕೊಂಡಳು, ಅಕ್ಕನ ಮಗಳು ಮೇಷ್ಟ್ರ ಫೋನಿಗೆ ಮೆಸೇಜಿನಲ್ಲಿ ಕಳಿಸಿದ್ದ ಟಿಕೆಟ್ಟಿನ ಸಂಖ್ಯೆ ಹೊಡೆದಳು, ಹೆಸರು ಹೊಡೆದಳು. ಓಟಿಪಿ ಕಳಿಸಲಾಗಿದೆ ಎಂದು ಬಂತು. ಕಳಿಸಿದ್ದು ಟಿಕೆಟ್ ಮಾಡಿಸಿದವರ ಫೋನಿಗೆ. ಆ ಫೋನು ಆಸ್ಪತ್ರೆಯ ಬಾಗಿಲಲ್ಲಿ, ಒಂದು ತಗಡಿನ ಗೂಡಿನೊಳಗೆ ಸತ್ತು ಮಲಗಿತ್ತು.

“ಒಂದೂವರೆಗೆ ಅವಳು ಹೊರಗೆ ಬರ್ತಾಳಮ್ಮ.”

“ನನ್ನ ವಿಮಾನ ಒಂದೂಕಾಲಿಗೆ,” ಎಂದಳು ಆ ಹೆಂಗಸು. ಹೋಗುವಾಗ ಎರಡು ಸಲ ತಿರುಗಿ ನೋಡಿದಳು. ನೋಡಿ ಮಾಡುವುದೇನಿದೆ?

ಮೇಷ್ಟ್ರು ಮತ್ತೆ ಸಾಲಿನಲ್ಲಿ ನಿಂತರು. ಮುಂದೆ ಬಿಡಿ ಎಂದು ಕೇಳಲು ಸಂಕೋಚ. ಜೀವನವಿಡೀ ಹಿಂದಿನ ಕೋಣೆಯಲ್ಲಿ ಕೂತವರಿಗೆ ಜನರನ್ನು ತಳ್ಳಿಕೊಂಡು ಮುಂದೆ ಹೋಗುವ ವಿದ್ಯೆ ಎಲ್ಲಿಂದ ಬರಬೇಕು? ಅವರ ಸರದಿ ಬಂದಾಗ ಒಂದೂ ಹತ್ತು.

“ತಾಯಿ, ನನ್ನ ಅಕ್ಕನಿಗೆ ನಾಳೆ ಬೆಳಿಗ್ಗೆ ಗಂಟಲು ತೆಗೀತಾರೆ. ಆಮೇಲೆ ಅವಳಿಗೆ ಮಾತಿಲ್ಲ. ಅವಳು ನನಗೊಂದು ಮಾತು ಹೇಳಬೇಕು.”

ಹುಡುಗಿಯ ಕಣ್ಣು ತುಂಬಿ ಬಂತು. ಆದರೆ ಕಣ್ಣು ತುಂಬಿದರೆ ಟ್ಯಾಬಿಗೆ ತಿಳಿಯುವುದಿಲ್ಲ. “ಸರ್, ನನ್ನ ಫೋನ್ ಬಳಸೋ ಹಾಗಿಲ್ಲ, ಕೆಲಸ ಹೋಗುತ್ತೆ. ನಿಮ್ಮ ಹೆಸರು ಇಲ್ಲಿದೆ, ಸೀಟು ಇದೆ, ಎಲ್ಲ ಇದೆ. ಹನ್ನೊಂದು ಸಿ. ಕಿಟಕಿ ಪಕ್ಕದ್ದಲ್ಲ. ಆದ್ರೆ ಚೌಕ ಇಲ್ಲದೆ ಒಳಗಿನ ಬಾಗಿಲು ತೆಗೆಯೋದೇ ಇಲ್ಲ. ಆ ಬಾಗಿಲು ಮನುಷ್ಯರದ್ದಲ್ಲ ಸರ್.”

“ಗುರುತಿನ ಚೀಟಿ ನೋಡು. ಇದು ನಾನೇ ತಾನೇ?”

“ನೀವೇ ಸರ್.”

“ಮತ್ತೆ?”

ಹುಡುಗಿ ಗುರುತಿನ ಚೀಟಿಯನ್ನು ಮೇಜಿನ ಮೇಲೆ ಅವರತ್ತ ಸರಿಸಿದಳು.

ಒಂದೂ ಮೂವತ್ತೆರಡಕ್ಕೆ ಮೇಷ್ಟ್ರ ಫೋನು ಬಡಿದುಕೊಂಡಿತು. ಅಕ್ಕನ ಮಗಳು. “ಏನು ಮಾವ, ಇಪ್ಪತ್ತು ಸಲ ಮಾಡಿದ್ದೀರಿ? ವಿಮಾನದಲ್ಲಿ ಕೂತ್ರಾ?” ಮೇಷ್ಟ್ರು ಒಂದೇ ಉಸಿರಿಗೆ ಹೇಳಿದರು. ಅವಳು ಚುರುಕಿನ ಹೆಣ್ಣು, ಓಟಿಪಿ ಕಳಿಸಲಿ, ಓದಿ ಹೇಳ್ತೀನಿ ಎಂದಳು. ನೀಲಿ ಕೋಟಿನ ಹುಡುಗಿ ಸಾಲಿನಲ್ಲಿದ್ದ ಟೈ ಕಟ್ಟಿದವರೊಬ್ಬರನ್ನು ಬೇಡಿಕೊಂಡು ಅವರ ಫೋನು ಕೊಡಿಸಿದಳು. ಮತ್ತೆ ಆ್ಯಪ್, ಮತ್ತೆ ಸಂಖ್ಯೆ, ಮತ್ತೆ ಹೆಸರು. ಓಟಿಪಿ ಅಲ್ಲಿಗೆ ಹೋಯಿತು. ಅಕ್ಕನ ಮಗಳು ಒಂದೊಂದೇ ಅಂಕಿ ಹೇಳಿದಳು, ಮೇಷ್ಟ್ರು ಜೋರಾಗಿ ಕೂಗಿದರು, ಟೈ ಕಟ್ಟಿದವರು ಒತ್ತಿದರು. ಸಾಲಿನಲ್ಲಿದ್ದವರೆಲ್ಲ ಉಸಿರು ಹಿಡಿದು ನೋಡುತ್ತಿದ್ದರು. ಪರದೆಯ ಮೇಲೆ ಬಿಳಿಯ ಪುಟ ತೆರೆಯಿತು. ಚೌಕ ಬರಲಿಲ್ಲ. ಒಂದು ಸಾಲು ಬಂತು: ಈ ಪ್ರಯಾಣವನ್ನು ಪರಿಶೀಲನೆಗಾಗಿ ತಡೆಹಿಡಿಯಲಾಗಿದೆ.

“ಯಾರು ತಡೆದದ್ದು?” ಎಂದರು ಮೇಷ್ಟ್ರು.

ಹುಡುಗಿ ತಲೆತಗ್ಗಿಸಿದಳು. “ಸಾಹೇಬರು. ಕಾಗದ ತಿದ್ದಿದ್ದು ಕಂಡಾಗ ಒತ್ತಿದ್ರಲ್ಲ, ಅದೇ. ನನಗೂ ಈಗಲೇ ಗೊತ್ತಾಗಿದ್ದು. ಅವರೇ ಬಿಡಿಸಬೇಕು.”

“ಕರಿ ಅವರನ್ನ.”

ಕರೆದಳು. ಆತ ಇನ್ನೊಂದು ವಿಮಾನದ ಜನರನ್ನು ಹತ್ತಿಸುತ್ತಿದ್ದ. ಬರ್ತೀನಿ ಎಂದ. ಅವಳು ಮತ್ತೆ ಕರೆದಳು. ಬಂದೆ ಎಂದ. ಟೈ ಕಟ್ಟಿದವರು ಗಡಿಯಾರ ನೋಡಿಕೊಂಡು, ಕ್ಷಮೆ ಕೇಳಿ, ಫೋನು ಇಸಿದುಕೊಂಡು ಹೋದರು. ಬಾಗಿಲು ಮುಚ್ಚುವುದು ಒಂದೂ ಐವತ್ತಕ್ಕೆ. ಒಂದೂ ನಲವತ್ತೈದಾಯಿತು, ನಲವತ್ತೆಂಟಾಯಿತು. ಮೇಷ್ಟ್ರು ಮೇಜಿನ ಅಂಚು ಹಿಡಿದು ನಿಂತಿದ್ದರು. ಒಂದೂವರೆ ಗಂಟೆ ಕೂತು ತಮ್ಮ ಕೈಯಾರೆ ತಮ್ಮ ಕಾಲಿಗೆ ಸರಪಳಿ ಹಾಕಿಕೊಂಡದ್ದು ಈಗ ಅವರಿಗೆ ಪೂರ್ತಿ ಅರ್ಥವಾಗಿತ್ತು. ನಡುಗದ ಕೈ ಎಂದು ಮೆರೆದದ್ದು ಇದಕ್ಕೇನಾ? ಕುಂಚ ಹಿಡಿದ ಬೆರಳುಗಳನ್ನು ಬಾಗಿಲಿಗೆ ಸಿಕ್ಕಿಸಿಕೊಳ್ಳಬೇಕು ಎನಿಸುವಷ್ಟು ತಮ್ಮ ಮೇಲೇ ಸಿಟ್ಟು ಬಂತು.

ಮೇಲ್ವಿಚಾರಕ ಬಂದದ್ದು ಒಂದೂ ಐವತ್ತೆರಡಕ್ಕೆ. ಕತೆ ಕೇಳಿ, ಅವನೂ ಪೆಚ್ಚಾದ. ಟ್ಯಾಬಿನಲ್ಲಿ ಒತ್ತಿ ತಡೆ ಬಿಡಿಸಿದ. “ಬಾಗಿಲು ಮುಚ್ಚಿಬಿಟ್ಟಿದೆ ಹಿರಿಯರೇ. ಇವತ್ತು ಆ ಊರಿಗೆ ಇನ್ನು ಯಾರ ವಿಮಾನವೂ ಇಲ್ಲ. ನಾಳೆ ಬೆಳಿಗ್ಗೆ ಹತ್ತರ ವಿಮಾನದಲ್ಲಿ ಹಾಕಿಕೊಡ್ತೀನಿ. ನಮ್ಮ ಕಡೆಯಿಂದಲೇ.” ಜೇಬಿನಲ್ಲಿದ್ದ ಕಾಗದವನ್ನೂ ವಾಪಸು ಕೊಟ್ಟ. ಅವನಿಗೆ ತಿಳಿದ ಒಳ್ಳೆಯತನ ಅಷ್ಟೇ ಇತ್ತು. ಹತ್ತು ಗಂಟೆಗೆ ಅಕ್ಕ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಇರುತ್ತಾಳೆ ಎಂದು ಅವನಿಗೆ ಹೇಳಿ ಏನು ಪ್ರಯೋಜನ? ಮೇಷ್ಟ್ರು, “ಆಗಲಪ್ಪ,” ಎಂದು ಕೈಚೆಲ್ಲಿ ಹೋಗಿ ಕಬ್ಬಿಣದ ಕುರ್ಚಿಯಲ್ಲಿ ಕೂತರು. ಗಾಜಿನ ಆಚೆ ಅವರ ವಿಮಾನ ಎರಡೂ ಇಪ್ಪತ್ತಕ್ಕೆ ಸರಿಯಾಗಿ, ಹನ್ನೊಂದು ಸಿ ಖಾಲಿ ಇಟ್ಟುಕೊಂಡು ಹೊರಟಿತು.

ಅಕ್ಕನ ಮಗಳು ವೈದ್ಯರನ್ನು ಕೇಳಿದಳು. ಉಸಿರಾಟ ಕಷ್ಟವಾಗುತ್ತಿದೆ, ಒಂದು ದಿನವೂ ಮುಂದೆ ಹಾಕುವಂತಿಲ್ಲ ಎಂದರಂತೆ. ಕಾಡಿಬೇಡಿದ ಮೇಲೆ, ಸಂಜೆ ಐದಕ್ಕೆ ಹತ್ತು ನಿಮಿಷ ವಾರ್ಡಿನೊಳಗೆ ಫೋನು ತರಲು ಬಿಡುತ್ತೇವೆ ಎಂದು ಒಪ್ಪಿದರಂತೆ.

“ಅಮ್ಮಂಗೆ ಹೇಳಿದೆ ಮಾವ. ಗೋಡೆ ಕಡೆ ತಿರುಗಿ ಮಲಗಿದಳು. ಆಮೇಲೆ ಫೋನಲ್ಲೇ ಹೇಳ್ತೀನಿ ಅಂತ ಕೈ ಮಾಡಿದಳು.”

“ನೀನು ಪಕ್ಕದಲ್ಲಿದ್ದು ಕೇಳಿಸಿಕೊಂಡು ನನಗೆ ಹೇಳಮ್ಮ.”

“ಬೇಡಿಕೊಂಡೆ. ನಾನು ಹೊರಗೆ ಹೋಗಬೇಕಂತೆ. ಅದೊಂದು ಹಠ ಮಾತ್ರ ಬಿಡ್ತಾ ಇಲ್ಲ.”

ಐದಕ್ಕೆ ಇನ್ನೂ ಹದಿನೈದು ನಿಮಿಷವಿದ್ದಾಗಲೇ ಮೇಷ್ಟ್ರು ಸದ್ದಿಲ್ಲದ ಜಾಗ ಹುಡುಕತೊಡಗಿದರು. ನಿಲ್ದಾಣದಲ್ಲಿ ಅಂಥದ್ದು ಇದ್ದರಲ್ಲವೇ? ಶೌಚಾಲಯಕ್ಕೆ ಹೋದರೆ ಕೈ ಒಣಗಿಸುವ ಯಂತ್ರ ಬೊಬ್ಬೆ ಹೊಡೆಯುತ್ತಿತ್ತು. ಮೆಟ್ಟಿಲ ಕೆಳಗೆ ನೆಲ ಉಜ್ಜುವ ಗಾಡಿ. ಹೊರಗೆ ಹೋದರೆ ಕಾರುಗಳ ಹಾರನ್. ಕೊನೆಗೆ ಎರಡು ಕಂಬಗಳ ನಡುವೆ, ತಂಪು ಪಾನೀಯದ ಪೆಟ್ಟಿಗೆಯ ಹಿಂದೆ, ಗೋಡೆಗೆ ಮುಖ ಹಾಕಿ ನಿಂತರು. ಪೆಟ್ಟಿಗೆ ಗುಂಯ್ಗುಡುತ್ತಿತ್ತು. ಒಂದು ಕಿವಿಗೆ ಬೆರಳು ತುರುಕಿ, ಇನ್ನೊಂದಕ್ಕೆ ಫೋನು ಒತ್ತಿದರು.

“ಮಾವ, ಫೋನು ಅಮ್ಮನ ಬಾಯಿ ಹತ್ರ ಇಟ್ಟಿದ್ದೀನಿ. ನಾನು ಹೊರಗೆ ಹೋಗ್ತೀನಿ,” ಎಂದಳು ಅಕ್ಕನ ಮಗಳು. ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಆಮೇಲೆ ಗಾಳಿ ಸೋರುವ ಸೈಕಲ್ ಟ್ಯೂಬಿನಂಥ ಒಂದು ಸದ್ದು. ಅದು ಅಕ್ಕ.

“ಅಕ್ಕಾ, ಕೇಳಿಸ್ತಿಲ್ಲ. ಸ್ವಲ್ಪ ಜೋರಾಗಿ.”

ಅವಳು ಜೋರು ಮಾಡಲು ನೋಡಿದಳು. ಕೆಮ್ಮು ಹತ್ತಿತು. ಅದು ಎಂಥ ಕೆಮ್ಮು! ಕರುಳು ಕಿತ್ತು ಬರುವ ಹಾಗೆ, ನಿಲ್ಲುವುದೇ ಇಲ್ಲವೆಂಬ ಹಾಗೆ. ನಿಂತ ಮೇಲೆ ಉಸಿರಿಗಾಗಿ ಒದ್ದಾಡುವುದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

“ಬೇಡ ಬೇಡ ಅಕ್ಕ, ಈಗ ಕೇಳಿಸ್ತಿದೆ,” ಎಂದರು ಮೇಷ್ಟ್ರು. “ಚೆನ್ನಾಗಿ ಕೇಳಿಸ್ತಿದೆ. ನೀನು ಮೆಲ್ಲಗೇ ಹೇಳು.”

ಮತ್ತೆ ಆ ಗಾಳಿಯ ಸದ್ದು ಶುರುವಾಯಿತು. ಚಿಕ್ಕಂದಿನಲ್ಲಿ ಅಕ್ಕ ಕತೆ ಹೇಳುವಾಗ ಹೂಂಗುಟ್ಟದಿದ್ದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ಮೇಷ್ಟ್ರು ಹೂಂಗುಟ್ಟತೊಡಗಿದರು. ಅವಳು ಉಸಿರು ಎಳೆದುಕೊಂಡಾಗಲೆಲ್ಲ ಇವರು ಹೂಂ ಎಂದರು. ಮೇಲಿನಿಂದ ಯಾವುದೋ ವಿಮಾನ ಹೊರಡುವ ಘೋಷಣೆ ಬಂತು, ಹೂಂ. ಚಕ್ರದ ಪೆಟ್ಟಿಗೆಗಳು ಗಡಗಡ ಹೋದವು, ಹೂಂ. ಅಮ್ಮ ಎಂಬುದು ಎರಡು ಸಲ ಕೇಳಿಸಿದಂತಾಯಿತು. ಒಮ್ಮೆ ಬಾಗಿಲು ಎಂದ ಹಾಗಾಯಿತು. ಗೋಡೆಗೆ ಹಣೆ ಒತ್ತಿ, ಕಣ್ಣು ಮುಚ್ಚಿ, ಇಡೀ ಮೈಯನ್ನೇ ಕಿವಿ ಮಾಡಿಕೊಂಡರೂ ಬಾಗಿಲಿನಿಂದಾಚೆಗೆ ಒಂದಕ್ಷರ ಹಿಡಿಯಲಾಗಲಿಲ್ಲ. ಅರವತ್ತೆರಡು ವರ್ಷದ ಮಾತು ಕಿವಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು, ಕೈಗೆ ಮಾತ್ರ ಸಿಗುತ್ತಿರಲಿಲ್ಲ. ಅವರಿಗೆ ಅಳು ಬಂತು. ಅಳು ದನಿಯಲ್ಲಿ ಇಣುಕದಂತೆ ಹೂಂ ಎಂದರು.

ಸದ್ದು ನಿಂತಿತು. ಕೆಮ್ಮಿಲ್ಲ, ಉಸಿರಿಲ್ಲ. ಅಕ್ಕ ಏನನ್ನೋ ಕೇಳಿ ಉತ್ತರಕ್ಕೆ ಕಾಯುತ್ತಿದ್ದಾಳೆಂದು ಅವರಿಗೆ ಗೊತ್ತಾಯಿತು. ಅಷ್ಟು ಮಾತ್ರ ಗೊತ್ತಾಯಿತು.

“ಹೂಂ ಅಕ್ಕ,” ಎಂದರು. “ಹೂಂ.”

ಸ್ವಲ್ಪ ಹೊತ್ತಿನ ಮೇಲೆ ಅಕ್ಕನ ಮಗಳ ದನಿ ಬಂತು. ಅವಳೂ ಅಳುತ್ತಿದ್ದಳು, ಆದರೆ ನೆಮ್ಮದಿಯ ಅಳು.

“ಮಾವ, ಅಮ್ಮನ ಮುಖ ನೋಡಬೇಕಿತ್ತು ನೀವು. ಎಷ್ಟೋ ವರ್ಷದ ಭಾರ ಇಳಿಸಿದ ಹಾಗೆ ಮಲಗಿದ್ದಾಳೆ. ನಿಮಗೆಲ್ಲ ಕೇಳಿಸ್ತಲ್ಲ?”

“ಕೇಳಿಸ್ತಮ್ಮ.”

“ಪೂರ್ತಿ?”

“ಪೂರ್ತಿ.”

“ನಾನು ಒಳಗೆ ಬಂದಾಗ ತುಟಿಗೆ ಕಿವಿ ಇಟ್ಟೆ. ಅವನು ಕ್ಷಮಿಸಿದ ಅಂದಳು. ಕ್ಷಮಿಸ್ತೀಯಾ ಅಂತ ಕೇಳಿದಳಂತೆ, ನೀವು ತಕ್ಷಣ ಹೂಂ ಅಂದ್ರಂತೆ.” ಅವಳು ಮೂಗು ಒರೆಸಿಕೊಂಡಳು. “ಮಾವ, ಅಮ್ಮ ನಿಮಗೇನು ಮಾಡಿದ್ದಳು?”

ಮೇಷ್ಟ್ರು ಗೋಡೆಯನ್ನು ನೋಡಿದರು. ಮೇಲಿನಿಂದ ಇನ್ನೊಂದು ಘೋಷಣೆ ಶುರುವಾಗಿತ್ತು. ಅದು ಮುಗಿಯಲೆಂದು ಕಾದರು.

“ಏನಿಲ್ಲಮ್ಮ,” ಎಂದರು. “ಹಳೇ ವಿಷಯ.”